ಭೂತಾನದಿಂದ ಬಂದ ಅಗ್ಗದ ಮೋಟಾರು

ಚನ್ನಗಿರಿಯಲ್ಲಿ ಅಡಿಕೆಗೆ ಒಳ್ಳೆಯ ಧಾರಣೆ ದೊರೆತ ವರ್ಷ ಮನೆಯ ಮುಂದೊಂದು ಮೋಟಾರು ನಿಲ್ಲಬೇಕೆಂಬ ಆಸೆ ಹುಟ್ಟುವುದು ಸಹಜ. ಹೊನ್ನಾಳಿ, ನ್ಯಾಮತಿಗಳ ಬೆಳೆಗಾರನಿಗೂ, ಮಳೆಯ ದಾರಿ ಕಾಯುವ ಜಗಳೂರಿನ ರೈತನಿಗೂ ಆ ಆಸೆ ಇಲ್ಲದಿಲ್ಲ. ಹೊಸದು ಕೈಗೆಟುಕದಾಗ ಕಣ್ಣು ಹಳೆಯದರತ್ತ ಹೊರಳುತ್ತದೆ. ಅಂತಹವರು 2025ರ ಸೆಪ್ಟೆಂಬರಿನಲ್ಲಿ ಕೇರಳದಲ್ಲಿ ನಡೆದುದನ್ನು ತಿಳಿದಿರುವುದು ಒಳಿತು.

ಆ ತಿಂಗಳು ಕೊಚ್ಚಿಯ ಸುಂಕದ ಅಧಿಕಾರಿಗಳು ಹಲವೆಡೆ ಶೋಧ ನಡೆಸಿ ಬೆಲೆಬಾಳುವ ಗಾಡಿಗಳನ್ನು ವಶಪಡಿಸಿಕೊಂಡರು. ಕಾರ್ಯಾಚರಣೆಯ ಹೆಸರು 'ನುಮ್‌ಖೋರ್'. ಭೂತಾನದ ಭಾಷೆಯಲ್ಲಿ ವಾಹನವೆಂದು ಅರ್ಥ. ಅಲ್ಲಿ ಹಳೆಯ ಗಾಡಿಗಳನ್ನು ಅಗ್ಗಕ್ಕೆ ಕೊಂಡು, ಸುಂಕ ತೆರದೆ ಗಡಿ ದಾಟಿಸಿ, ಸೈನ್ಯ ಮತ್ತು ರಾಯಭಾರ ಕಚೇರಿಗಳ ಹೆಸರಿನ ಖೊಟ್ಟಿ ಪತ್ರಗಳ ಬಲದಿಂದ ಹಿಮಾಚಲ ಪ್ರದೇಶ ಮೊದಲಾದೆಡೆ ನೋಂದಾಯಿಸಿ ಮಾರುತ್ತಿದ್ದರೆಂಬುದು ಅಧಿಕಾರಿಗಳ ಆರೋಪ. ಕೊಳ್ಳುವವನ ಕಣ್ಣಿಗೆ ಬೀಳುವುದು ಭೂತಾನವಲ್ಲ, ಭಾರತದ್ದೇ ಒಂದು ಸಂಖ್ಯಾಫಲಕ. ಮೋಸದ ಜೀವಾಳವೇ ಇದು.

ಹಳೆಯ ಕಾರನ್ನು ಹೊರದೇಶದಿಂದ ನ್ಯಾಯವಾಗಿ ತರುವ ದಾರಿ ಬಹಳ ಇಕ್ಕಟ್ಟು. ತಯಾರಾಗಿ 3 ವರ್ಷ ಮೀರಿರಬಾರದು, ಚಾಲಕಚಕ್ರ ಬಲಗಡೆಗಿರಬೇಕು, ಇಳಿಯಬೇಕಾದ ಬಂದರು ಮುಂಬಯಿ. ಸುಂಕವಂತೂ ಗಾಡಿಯ ಬೆಲೆಯನ್ನೇ ಮೀರುತ್ತದೆ. ಹೀಗಿರಲು ವಿದೇಶೀ ಗಾಡಿ ಅರ್ಧ ಬೆಲೆಗೆ ಬಂದಿತೆಂದರೆ ಯಾರು ನಂಬಬೇಕು? ಆದರೂ ನಂಬುವವರಿದ್ದಾರೆ. ಕಳ್ಳಮಾಲೆಂದು ತಿಳಿಯದೆ ಕೊಂಡವನ ಗಾಡಿಯೂ 1962ರ ಸುಂಕದ ಕಾಯಿದೆಯಂತೆ ಮುಟ್ಟುಗೋಲಿಗೆ ಒಳಗಾಗಬಹುದು; ಕೊಟ್ಟ ಹಣಕ್ಕಾಗಿ ಅವನು ಮಾರಿದವನನ್ನು ಹುಡುಕಿಕೊಂಡು ಅಲೆಯಬೇಕು.

ಹೊರರಾಜ್ಯದ ಗಾಡಿಗಳೆಲ್ಲ ಕಳ್ಳಮಾಲೇನೂ ಅಲ್ಲ. ಆದರೆ ಅದು 12 ತಿಂಗಳಿಗೂ ಹೆಚ್ಚು ಇಲ್ಲಿ ಉಳಿಯುವುದಾದರೆ, 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಹೊಸ ಸಂಖ್ಯೆ ಪಡೆಯಬೇಕು. ಈ ನಾಲ್ಕೂ ತಾಲ್ಲೂಕಿನವರಿಗೆ ಅದು ದಾವಣಗೆರೆಯ 'ಕೆಎ 17'. ಅದಕ್ಕೆ ಮೂಲ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು. ತೆರಿಗೆ ಬಾಕಿಯಿಲ್ಲವೆಂದೂ, ಕಳವಿನ ದೂರಿಲ್ಲವೆಂದು ಪೊಲೀಸರಿಂದಲೂ ತಿಳಿದುಕೊಂಡ ಮೇಲೆಯೇ ಆ ಪತ್ರ ಕೊಡತಕ್ಕದ್ದು. ಕರ್ನಾಟಕದ ತೆರಿಗೆ ಬೇರೆ. ಹಿಂದಿನ ರಾಜ್ಯದಲ್ಲಿ ಆಜೀವ ತೆರಿಗೆ ಕಟ್ಟಿದೆಯೆಂಬ ಮಾತು ಇಲ್ಲಿ ನಡೆಯದು. ದಲ್ಲಾಳಿ ಈ ಲೆಕ್ಕವನ್ನು ಬಾಯಿಬಿಟ್ಟು ಹೇಳುವುದು ಅಪರೂಪ.

ವಿದೇಶೀ ಗಾಡಿಯಾದರೆ ಸುಂಕ ತೆತ್ತ ದಾಖಲೆಯನ್ನೂ ಮೊದಲ ನೋಂದಣಿಯ ಪತ್ರವನ್ನೂ ಕೇಳಿ, ಎಂಜಿನ್ ಮತ್ತು ಚಾಸಿಯ ಮೇಲಿನ ಅಂಕಿಗಳೊಡನೆ ತಾಳೆ ನೋಡಬೇಕು. ತೋರಿಸಲು ಮಾರುವವನು ಮೀನಮೇಷ ಎಣಿಸಿದರೆ, ಮುಂಗಡ ಕೊಡುವುದಕ್ಕೆ ಮುಂಚೆಯೇ ಬಸ್ಸು ಹತ್ತಿ ದಾವಣಗೆರೆಯ ಸಾರಿಗೆ ಕಚೇರಿಯಲ್ಲಿ ವಿಚಾರಿಸಬಹುದು.