ಕಾಲಿಲ್ಲದವರ ವಲಸೆ

ಶ್ರವಣಬೆಳಗೊಳದ ದೊಡ್ಡಬೆಟ್ಟವು ಸುತ್ತಣ ಬಯಲಿನಿಂದ ಸುಮಾರು 470 ಅಡಿ ಎತ್ತರವಾಗಿದೆ. ಗೊಮ್ಮಟನ ದರ್ಶನಕ್ಕೆಂದು ಮೆಟ್ಟಿಲೇರಿ ಏದುಸಿರು ಬಿಡುವ ಯಾತ್ರಿಕನಿಗೆ ಅಷ್ಟೇ ಬೇಕಾದಷ್ಟಾಯಿತು. ಸೆಕೆಯಿಂದ ತಪ್ಪಿಸಿಕೊಳ್ಳಬೇಕಾದ ಗಿಡಕ್ಕೆ ಅದು ಸಾಲದು. ಮೇಲೇರಿದಂತೆ ಗಾಳಿ ತಂಪಾಗುವುದು ಸರಿಸುಮಾರು 550 ಅಡಿಗೆ 1 ಡಿಗ್ರಿಯಂತೆ. ಭಾರತದ ಸರಾಸರಿ ಉಷ್ಣತೆಯಾದರೋ 1901ರಿಂದ 2018ರವರೆಗೆ ಸುಮಾರು 0.7 ಡಿಗ್ರಿ ಏರಿದೆ. ಮುತ್ತಜ್ಜನ ಕಾಲದ ತಂಪನ್ನೇ ಬಯಸುವ ಸಸ್ಯವು 385 ಅಡಿ ಮೇಲೆ ಸರಿಯಬೇಕು. ಬೆಟ್ಟದಲ್ಲಿ ಉಳಿಯುವುದು 85 ಅಡಿ! ಇದು ಕಾಗದದ ಲೆಕ್ಕವೆಂಬುದೇನೋ ನಿಜ. ಆದರೆ ಆ ತುದಿಯಲ್ಲಿರುವುದು ಮಣ್ಣಲ್ಲ, ಬಂಡೆ.

ಮೇಲೆ ಎಡೆಯಿಲ್ಲದಿದ್ದರೆ ಪಶ್ಚಿಮಕ್ಕೆ ಸರಿಯಬಹುದಷ್ಟೆ? ಚನ್ನರಾಯಪಟ್ಟಣದ ಒಣಬಯಲಿನಿಂದ ಹೊರಟು, ಹೊಳೆನರಸೀಪುರದಲ್ಲಿ ಹೇಮಾವತಿಯನ್ನು ದಾಟಿ, ಅರಕಲಗೂಡಿನ ಪಡುಗಡೆಗೆ ಬಂದರೆ ಮಲೆನಾಡಿನ ಅಂಚು ಕಾಣಿಸುತ್ತದೆ. ಹಾಸನದಿಂದ ಪಶ್ಚಿಮಕ್ಕೆ ನಡೆದರೂ ಹಾಗೆಯೇ. ಒಂದೇ ಜಿಲ್ಲೆಯ ಈ ಸಸ್ಯವೈವಿಧ್ಯವನ್ನು ಸೆಸಿಲ್ ಸಲ್ಡಾನ ಮತ್ತು ಡ್ಯಾನ್ ನಿಕೋಲ್ಸನ್ ಅವರ ಬೃಹದ್ಗ್ರಂಥವು 1976ರಲ್ಲೇ ದಾಖಲಿಸಿತು. ತಂಪು ಅಲ್ಲಿದೆ, ಅಲ್ಲಿಗೆ ಹೋಗುವ ಬಗೆ ಯಾವುದು? ಗಿಡಕ್ಕೆ ಬೀಜವೇ ಕಾಲು, ಹಕ್ಕಿಯೇ ಬಂಡಿ. ನಡುವೆ ಇಳಿದುಕೊಳ್ಳಲು ತಾಣಗಳಿರಬೇಕು.

ಶ್ರೀಗಂಧವನ್ನೇ ನೋಡಿ. ವಿನಾಶದ ಭೀತಿಯಿರುವ ಮರಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದರ ಹೆಸರಿದೆ. ಬೆಳೆದ ಮರ ಬಿಸಿಲಿಗೆ ಅಂಜುವುದಿಲ್ಲ, ಕಷ್ಟವೆಲ್ಲ ಸಸಿಗೆ. ಗಂಧದ ಬೇರು ನೆರೆಯ ಗಿಡಗಳ ಬೇರನ್ನು ಕಚ್ಚಿ ನೀರು, ಸಾರಗಳನ್ನು ಹೀರುತ್ತದೆ. ಇಷ್ಟು ಪರಿಮಳವುಳ್ಳ ಮರ ಅರೆಪಾಲು ಪರಾವಲಂಬಿಯೆಂದರೆ ಬಹುಮಂದಿ ನಂಬಲಾರರು! ಪಿಕಳಾರ, ಕೋಗಿಲೆಗಳು ಹಣ್ಣು ತಿಂದು ಬೇಲಿಯಲ್ಲಿ ಬೀಜ ಉದುರಿಸುತ್ತವೆ. ಅಲ್ಲಿ ಹೊಂಗೆ, ಜಾಲಿ, ತಂಗಡಿಗಳ ನೆರಳಿನಲ್ಲಿ ಸಸಿಗೆ ಅನ್ನವೂ ಉಂಟು, ಆಸರೆಯೂ ಉಂಟು. ಉಷ್ಣತೆ 1 ಡಿಗ್ರಿ ಏರಿದರೆ ಗಾಳಿ ಹಿಡಿಯಬಲ್ಲ ನೀರಾವಿ ಶೇಕಡ 7ರಷ್ಟು ಹೆಚ್ಚುತ್ತದೆ. ಮಳೆಯಿಲ್ಲದ ದಿನಗಳಲ್ಲಿ ಆ ದಾಹ ತೀರುವುದು ಮಣ್ಣಿನಿಂದ, ಎಲೆಯಿಂದ. ಅಂಥ ಬೇಸಗೆಯಲ್ಲಿ ಬೇಲಿಯ ನೆರಳಿಗೆ ಬೆಲೆ ಹೆಚ್ಚು. ಬೇಲಿ ಸವರಿ ಕಲ್ಲುಕಂಬ, ಮುಳ್ಳುತಂತಿ ಹಾಕಿದರೆ ಹಕ್ಕಿ ತಂತಿಯ ಮೇಲೂ ಕೂರುತ್ತದೆ, ಬೀಜವೂ ಬೀಳುತ್ತದೆ. ಮೊಳಕೆಯ ಬೇರಿಗೆ ಮಾತ್ರ ನೆರೆಯವರು ಸಿಗುವುದಿಲ್ಲ.

ಹಿಂದೆ ಯಾರ ಹೊಲದಲ್ಲಿ ಹುಟ್ಟಿದರೂ ಗಂಧದ ಮರ ಸರ್ಕಾರದ್ದು. ರೈತನಿಗೆ ಸಸಿ ಕಂಡರೆ ಸಂತೋಷಕ್ಕಿಂತ ತಲೆನೋವೇ ಹೆಚ್ಚು. 2001ರ ಕಾನೂನು ತಿದ್ದುಪಡಿಯಿಂದ ಅದು ನೆಲದೊಡೆಯನದಾಗಿದೆ. ಕಳ್ಳರ ಭಯವೊಂದು ಉಳಿದಿದೆಯಾದರೂ, ಬೇಲಿ ಸವರುವಾಗ ಗಂಧದ ಸಸಿಯನ್ನೂ ಅದರ ಪಕ್ಕದ ತಂಗಡಿಯನ್ನೂ ಬಿಟ್ಟು ಮುಂದೆ ಹೋಗಲು ಅವನಿಗೀಗ ಕಾರಣವಿದೆ.