ಹೆಸರು ಒಂದು, ಚಿತ್ರ ಹಲವು

ಒಂದೇ ತರಗತಿಯಲ್ಲಿ ಮಂಜುನಾಥನೆಂಬ ಹೆಸರಿನ ಮೂವರು ವಿದ್ಯಾರ್ಥಿಗಳಿದ್ದರೆ, ಉಪಾಧ್ಯಾಯರು ಹಾಜರಿ ಕರೆಯುವಾಗ ಊರಿನ ಅಥವಾ ತಂದೆಯ ಹೆಸರಿನ ಮೊದಲಕ್ಷರವನ್ನು ಸೇರಿಸಿ ಕರೆಯುತ್ತಾರೆ. ಇಲ್ಲವಾದರೆ ಒಬ್ಬನ ಅಂಕಗಳು ಇನ್ನೊಬ್ಬನ ಪಾಲಾದಾವು. ಗ್ರಂಥಾಲಯಗಳು ಸಂಗ್ರಹಿಸಿಟ್ಟ ಚಲನಚಿತ್ರಗಳ ವಿಷಯದಲ್ಲಿಯೂ ಇಂಥದೇ ತೊಡಕು ಎದುರಾಗುತ್ತದೆ.

ಗ್ರಂಥಾಲಯದಲ್ಲಿರುವ ಪ್ರತಿಯೊಂದು ಕೃತಿಗೂ ಸೂಚಿಯಲ್ಲಿ ಒಂದು ದಾಖಲೆ ಇರುತ್ತದೆ. ಹಿಂದೆ ಅದು ಮರದ ಪೆಟ್ಟಿಗೆಯಲ್ಲಿ ಜೋಡಿಸಿದ ರಟ್ಟಿನ ಚೀಟಿಯಾಗಿತ್ತು. 1960ರ ದಶಕದಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್, ಯಂತ್ರವು ಓದಬಲ್ಲ ‘ಮಾರ್ಕ್’ ಎಂಬ ನಮೂನೆಯನ್ನು ರೂಪಿಸಿದ ಮೇಲೆ, ಸೂಚಿಯು ಕ್ರಮೇಣ ಗಣಕಯಂತ್ರವನ್ನು ಸೇರಿತು. ಇತ್ತ ಗ್ರಂಥಾಲಯದ ಹೊರಗೆ, 1990ರಲ್ಲಿ ಆರಂಭವಾದ ಐಎಂಡಿಬಿ, 2012ರಲ್ಲಿ ಆರಂಭವಾದ ವಿಕಿಡೇಟಾ ಮೊದಲಾದ ಅಂತರಜಾಲದ ದತ್ತಸಂಚಯಗಳು ಅಸಂಖ್ಯ ಚಿತ್ರಗಳ ವಿವರಗಳನ್ನು ಕೂಡಿಹಾಕಿವೆ. ಅಲ್ಲಿ ಪ್ರತಿಯೊಂದು ಚಿತ್ರಕ್ಕೂ ಒಂದು ಸಂಕೇತಸಂಖ್ಯೆ ಉಂಟು. ಆ ಸಂಖ್ಯೆಯನ್ನು ಗ್ರಂಥಾಲಯದ ದಾಖಲೆಯಲ್ಲಿ ನಮೂದಿಸಿದರೆ, ನಟವರ್ಗ, ಸಂಗೀತ, ಕಥೆಯ ಮೂಲ ಮುಂತಾದ ವಿವರಗಳೆಲ್ಲ ಓದುಗನಿಗೆ ಒಮ್ಮೆಲೇ ದೊರೆಯುತ್ತವೆ. ಆದರೆ ಸರಿಯಾದ ಸಂಖ್ಯೆಯನ್ನು ಗುರುತಿಸುವುದು ಹೇಗೆ?

‘ನಾಗರಹಾವು’ ಎಂಬ ಹೆಸರನ್ನೇ ನೋಡಬಹುದು. ತ. ರಾ. ಸು. ಅವರ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲರು ನಿರ್ದೇಶಿಸಿದ ಚಿತ್ರ 1972ರದು. 2002ರಲ್ಲಿಯೂ 2016ರಲ್ಲಿಯೂ ಇದೇ ಹೆಸರಿನ ಬೇರೆ ಚಿತ್ರಗಳು ತೆರೆಕಂಡವು. ಆದುದರಿಂದ ಹೆಸರೊಂದನ್ನೇ ನಂಬುವಂತಿಲ್ಲ. ನಿರ್ದೇಶಕರ ಹೆಸರನ್ನು ಸೇರಿಸಿದರೆ ಸಂದೇಹ ಬಹುಮಟ್ಟಿಗೆ ನೀಗುತ್ತದೆ. ಆದರೂ ಎಚ್ಚರ ಬೇಕು: ಇದೇ ಕಥೆಯನ್ನು ಪುಟ್ಟಣ್ಣನವರೇ 1974ರಲ್ಲಿ ‘ಜಹ್ರೀಲಾ ಇನ್ಸಾನ್’ ಎಂಬ ಹೆಸರಿನಿಂದ ಹಿಂದಿಗೆ ತಂದರು. ಕಥೆ ಒಂದೇ, ನಿರ್ದೇಶಕರು ಒಬ್ಬರೇ. ಚಿತ್ರಗಳು ಮಾತ್ರ ಎರಡು.

ಇಸವಿಯೂ ದಾರಿ ತಪ್ಪಿಸಬಲ್ಲದು. ಗ್ರಂಥಾಲಯದ ದಾಖಲೆಯಲ್ಲಿ ಅನೇಕ ವೇಳೆ ಇರುವುದು ಡಿವಿಡಿ ಹೊರಬಂದ ವರ್ಷ. ದತ್ತಸಂಚಯದಲ್ಲಿರುವುದು ಚಿತ್ರ ತೆರೆಕಂಡ ವರ್ಷ. ಅವಧಿಯ ಕಥೆಯೂ ಅಷ್ಟೆ. ಚಲನಚಿತ್ರವು ಸಾಮಾನ್ಯವಾಗಿ ಸೆಕೆಂಡಿಗೆ 24 ಚೌಕಟ್ಟುಗಳಂತೆ ಓಡುತ್ತದೆ. ‘ಪಾಲ್’ ಎಂಬ ದೂರದರ್ಶನ ಪದ್ಧತಿಗಾಗಿ ಅದನ್ನು 25 ಚೌಕಟ್ಟುಗಳ ವೇಗದಲ್ಲಿ ಓಡಿಸಿದರೆ, 150 ನಿಮಿಷಗಳ ಚಿತ್ರ 144 ನಿಮಿಷಗಳಲ್ಲೇ ಮುಗಿಯುತ್ತದೆ. ಇನ್ನು ಕನ್ನಡದ ಹೆಸರನ್ನು ರೋಮನ್ ಲಿಪಿಯಲ್ಲಿ ಬರೆಯುವಾಗ ದೀರ್ಘಸ್ವರವನ್ನು ಒಬ್ಬರು ಒಂದು ಅಕ್ಷರದಿಂದಲೂ ಮತ್ತೊಬ್ಬರು ಎರಡು ಅಕ್ಷರಗಳಿಂದಲೂ ಸೂಚಿಸುತ್ತಾರೆ. ಮನುಷ್ಯನ ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಅವು ಬೇರೆ ಬೇರೆ.

ಆದ್ದರಿಂದ ಗಣಕಯಂತ್ರವು ಹೆಸರು, ನಿರ್ದೇಶಕ, ಭಾಷೆ, ಇಸವಿ, ಅವಧಿ ಇವುಗಳನ್ನು ಒಂದೊಂದಾಗಿ ಹೋಲಿಸಿ, ಹೋಲಿಕೆಗೆ ತಕ್ಕಂತೆ ಅಂಕಗಳನ್ನು ಕೊಡುವಂತೆ ಏರ್ಪಡಿಸುತ್ತಾರೆ. ಹೆಚ್ಚು ಅಂಕ ಪಡೆದ ಜೋಡಿಯನ್ನು ಒಪ್ಪಿಕೊಳ್ಳಲಾಗುತ್ತದೆ; ತೀರ ಕಡಮೆ ಅಂಕದ ಜೋಡಿಯನ್ನು ಕೈಬಿಡಲಾಗುತ್ತದೆ. ನಡುವೆ ಉಳಿದವುಗಳನ್ನು ನಿರ್ಣಯಿಸುವುದು ಅನುಭವಿ ಗ್ರಂಥಪಾಲಕನ ಕೆಲಸ. ಬೇಕಾದರೆ ಅವನು ಚಿತ್ರವನ್ನೇ ಹಾಕಿ ಅದರ ಶೀರ್ಷಿಕೆಗಳನ್ನು ಓದಿ ನೋಡುತ್ತಾನೆ. ಸಂದೇಹ ತೀರದಿದ್ದರೆ ಸ್ಥಳವನ್ನು ಬರಿದಾಗಿ ಬಿಡುತ್ತಾನೆ. ಬರಿದಾದ ಸ್ಥಳವನ್ನು ನಾಳೆ ತುಂಬಬಹುದು. ತಪ್ಪು ಸಂಖ್ಯೆಯಾದರೋ ಒಂದು ಸೂಚಿಯಿಂದ ಇನ್ನೊಂದಕ್ಕೆ ನಕಲಾಗುತ್ತ ಹೋಗಿ, ಒಬ್ಬರ ದುಡಿಮೆಯನ್ನು ಮತ್ತೊಬ್ಬರ ಖಾತೆಗೆ ಬರೆದುಬಿಡುತ್ತದೆ.

ಓದುಗನ ಸಮಯವನ್ನು ಉಳಿಸಬೇಕೆಂಬುದು, ಬೆಂಗಳೂರನ್ನು ತಮ್ಮ ಕೊನೆಯ ವರ್ಷಗಳ ಕರ್ಮಭೂಮಿಯಾಗಿಸಿಕೊಂಡ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಪಂಚಸೂತ್ರಗಳಲ್ಲಿ ಒಂದು. ಈ ಹೊಂದಾಣಿಕೆಯ ಕಾರ್ಯವು ಆ ಸೂತ್ರವನ್ನು ಪಾಲಿಸುವುದರ ಜೊತೆಗೆ ಮತ್ತೊಂದು ಋಣವನ್ನೂ ತೀರಿಸುತ್ತದೆ. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಪ್ರತಿ ನಮ್ಮ ಕಾಲದವರೆಗೆ ಉಳಿದುಬಂದಿಲ್ಲ. ಆ ಚಿತ್ರ ಇಂದು ಬದುಕಿರುವುದು ದಾಖಲೆಗಳಲ್ಲಿ ಮಾತ್ರ. ಚಿತ್ರ ಅಳಿದ ಮೇಲೆ ಅದಕ್ಕೆ ಸಾಕ್ಷಿ ನುಡಿಯುವುದು ದಾಖಲೆಯೊಂದೇ. ಆ ಸಾಕ್ಷಿ ಸುಳ್ಳಾಗದಂತೆ ಕಾಯುವ ಗ್ರಂಥಪಾಲಕನ ಹೆಸರು ಯಾವ ತೆರೆಯ ಮೇಲೂ ಮೂಡುವುದಿಲ್ಲ. ತೆರೆಯ ಮೇಲೆ ಮೂಡಿದ ಹೆಸರುಗಳು ಅಳಿಯದಂತೆ ಉಳಿಸುವವನು ಅವನೇ.