ಅಪೀಲು ಹಾಕಿದ ಮಾತ್ರಕ್ಕೆ ಸ್ಟೇ ಸಿಕ್ಕಿತೇ?

ಕೇಸು ಸೋತವರನ್ನು ಮಾತಾಡಿಸಿ ನೋಡಿ. "ಅಪೀಲು ಹಾಕ್ಬಿಟ್ಟಿದೀವಿ ಸ್ವಾಮಿ, ಇನ್ನು ಹತ್ತು ವರ್ಷ ಯಾರೂ ಏನೂ ಮಾಡಕ್ಕಾಗಲ್ಲ" ಎಂಬ ಉತ್ತರ ಥಟ್ಟನೆ ಬರುತ್ತದೆ. ಇಷ್ಟು ನೆಮ್ಮದಿ ಗೆದ್ದವರ ಮುಖದಲ್ಲೂ ಕಾಣುವುದಿಲ್ಲ.

ಸಿವಿಲ್ ಪ್ರಕ್ರಿಯಾ ಸಂಹಿತೆಯ 41ನೇ ಆದೇಶದ 5ನೇ ನಿಯಮ ಹೇಳುವುದು ತದ್ವಿರುದ್ಧ. ಬರೀ ಮೇಲ್ಮನವಿ ಸಲ್ಲಿಸಿದ್ದರಿಂದ ಡಿಕ್ರಿಯ ಜಾರಿ ನಿಲ್ಲುವುದಿಲ್ಲ. ಅದಕ್ಕೆ ಪ್ರತ್ಯೇಕ ಅರ್ಜಿ ಹಾಕಬೇಕು, ತಡೆಯಾಜ್ಞೆ ಕೈಗೆ ಬರಬೇಕು. ಕೇಳಿದ ಕೂಡಲೇ ಅದು ಸಿಗುವುದೂ ಇಲ್ಲ. ತಡೆ ಸಿಗದಿದ್ದರೆ ದೊಡ್ಡ ನಷ್ಟವಾಗುತ್ತದೆ ಎಂದು ತೋರಿಸಬೇಕು, ತಡಮಾಡದೆ ಬಂದಿರಬೇಕು, ಭದ್ರತೆ ಒದಗಿಸಬೇಕು. ಹಣದ ಡಿಕ್ರಿಯಾದರೆ ಒಂದಷ್ಟು ಠೇವಣಿ ಇಡಿ ಎನ್ನುವುದು ಮಾಮೂಲು.

ಗೆದ್ದವನು ಅಲ್ಲಿಯವರೆಗೆ ಕೈಕಟ್ಟಿ ಕೂತಿರುತ್ತಾನೆಯೇ? ಅಮಲ್ಜಾರಿ ಅರ್ಜಿ ಹಾಕುತ್ತಾನೆ. ವಾರಂಟ್ ಹಿಡಿದು ಕೋರ್ಟಿನ ಅಮೀನರು ಬಾಗಿಲಿಗೆ ಬರುತ್ತಾರೆ. ಕೋರ್ಟು ಅಪ್ಪಣೆ ಕೊಟ್ಟಿದ್ದರೆ ಜೊತೆಗೆ ಪೊಲೀಸರು, ಬೀಗ ಒಡೆಯುವವನು. ಅಪೀಲಿನ ನಂಬರು ಬರೆದ ಚೀಟಿ ತೋರಿಸಿದರೆ ಅಮೀನರು ಕೇಳುವುದು ಒಂದೇ: "ಸ್ಟೇ ಆರ್ಡರ್ ಎಲ್ಲಿ?" ಇಲ್ಲವೆಂದರೆ ಪಾತ್ರೆ ಪಗಡೆ ಬೀದಿಗೆ. ಮುಂದೆ ಅಪೀಲಿನಲ್ಲಿ ಗೆದ್ದರೆ 144ನೇ ಕಲಮಿನಡಿ ಕಳೆದುಕೊಂಡದ್ದನ್ನು ಹಿಂದಕ್ಕೆ ಕೇಳಬಹುದು, ನಿಜ. ಅಷ್ಟರಲ್ಲಿ ಮನೆಯನ್ನೇ ಕೆಡವಿದ್ದರೆ ಏನನ್ನು ಹಿಂದಕ್ಕೆ ಪಡೆಯುತ್ತೀರಿ?

ದೊಡ್ಡವರಿಗೆ ಬೇರೆ ಕಾನೂನು ಎಂದು ಗೊಣಗುವವರಿಗೆ ಟಾಟಾ ಸನ್ಸ್ ಪ್ರಕರಣ ನೆನಪಿಸುತ್ತೇನೆ. 2016ರ ಅಕ್ಟೋಬರ್ 24ರಂದು ಅಲ್ಲಿನ ನಿರ್ದೇಶಕ ಮಂಡಳಿ ಸೈರಸ್ ಮಿಸ್ತ್ರಿಯವರನ್ನು ಅಧ್ಯಕ್ಷ ಸ್ಥಾನದಿಂದ ಇಳಿಸಿತು. ಮುಂಬೈಯ ಕಂಪನಿ ನ್ಯಾಯಮಂಡಳಿ 2018ರಲ್ಲಿ ಮಿಸ್ತ್ರಿ ಕಡೆಯವರ ಅರ್ಜಿ ವಜಾ ಮಾಡಿತು. 2019ರ ಡಿಸೆಂಬರ್ 18ರಂದು ಮೇಲ್ಮನವಿ ಮಂಡಳಿ ಅವರನ್ನು ಮತ್ತೆ ಕೂರಿಸಿ ಎಂದಿತು, ಆದರೆ ಆ ಭಾಗವನ್ನು ತಾನೇ ನಾಲ್ಕು ವಾರ ಅಮಾನತಿನಲ್ಲಿಟ್ಟಿತು. ಟಾಟಾ ಕಡೆಯವರು ಆ ಅವಧಿಯೊಳಗೆ ಸುಪ್ರೀಂ ಕೋರ್ಟಿಗೆ ಹೋಗಿ, ಜನವರಿ 10ರಂದು ತಡೆ ತಂದರು. ಅಂಥ ಟಾಟಾದವರೇ ಸ್ಟೇ ಕೇಳಿ ಪಡೆಯಬೇಕಾಯಿತು. 2021ರ ಮಾರ್ಚ್ 26ರ ಅಂತಿಮ ತೀರ್ಪೂ ಅವರ ಪರವಾಗಿಯೇ ಬಂತು.

ಅಂದಹಾಗೆ, ಮಿಸ್ತ್ರಿ ಕಡೆಯವರು ನಿರ್ದೇಶಕ ಮಂಡಳಿಯ ನಿರ್ಧಾರದ ಮೇಲೆ 'ಅಪೀಲು' ಹೋದರು ಎನ್ನುವುದೂ ತಪ್ಪು. ನಿರ್ದೇಶಕರ ತೀರ್ಮಾನಕ್ಕೆಲ್ಲ ಅಪೀಲು ಎಂಬುದಿಲ್ಲ; ಷೇರು ವರ್ಗಾವಣೆ ನಿರಾಕರಿಸಿದಂಥ ಕೆಲವಕ್ಕೆ ಮಾತ್ರ ಉಂಟು. ಅವರು ಹಾಕಿದ್ದು ಕಂಪನಿ ಕಾಯಿದೆಯ 241ನೇ ಕಲಮಿನಡಿ, ದಬ್ಬಾಳಿಕೆ ಮತ್ತು ದುರಾಡಳಿತದ ದೂರು. ಅದಕ್ಕೂ ಷೇರು ಬಂಡವಾಳದ ಹತ್ತನೇ ಒಂದು ಭಾಗ ಅಥವಾ ಸಾಕಷ್ಟು ಸದಸ್ಯರ ಬೆಂಬಲ ಬೇಕು. ಇಲ್ಲವಾದರೆ ನ್ಯಾಯಮಂಡಳಿ ವಿನಾಯಿತಿ ಕೊಡಬೇಕು. ಹತ್ತು ಷೇರು ಕೊಂಡವರು "ಬೋರ್ಡನ್ನ ಕೋರ್ಟಿಗೆ ಎಳೀತೀನಿ" ಎನ್ನುವಾಗ ನಗು ಬರುತ್ತದೆ.

ಇನ್ನುಳಿದ ನಂಬಿಕೆಗಳಿಗೆ ಒಂದೊಂದು ಸಾಲು ಸಾಕು. ಬೆಂಗಳೂರಿನ ಕಂಪನಿ ನ್ಯಾಯಮಂಡಳಿಯ ಆದೇಶದ ಮೇಲಿನ ಅಪೀಲು ಹೋಗುವುದು ಹೈಕೋರ್ಟಿಗಲ್ಲ, ಮೇಲ್ಮನವಿ ಮಂಡಳಿಯ ಚೆನ್ನೈ ಪೀಠಕ್ಕೆ. ಸ್ಟೇ ಆರು ತಿಂಗಳಿಗೆ ತಾನಾಗಿ ಬಿದ್ದುಹೋಗುತ್ತದೆ ಎಂಬ 2018ರ ಮಾತನ್ನು ಸುಪ್ರೀಂ ಕೋರ್ಟೇ 2024ರ ಫೆಬ್ರವರಿಯಲ್ಲಿ ತೆಗೆದುಹಾಕಿದೆ. ಕಾರಣ ಹೇಳದೆ ವಿಶೇಷ ಅನುಮತಿ ಅರ್ಜಿ ವಜಾ ಮಾಡಿದರೆ ಕೆಳಗಿನ ತೀರ್ಪನ್ನು ಎತ್ತಿಹಿಡಿದಂತಲ್ಲ, ಟಿವಿಯವರು ಏನೇ ಕೂಗಲಿ.

ಒಂದು ಕೆ.ಜಿ. ಟೊಮೆಟೊ ಕೊಳ್ಳಲು ನಾಲ್ಕು ಅಂಗಡಿ ಸುತ್ತುವ ಜನ, ಮನೆಮಠದ ವಿಚಾರಕ್ಕೆ ಬಂದರೆ ಕೋರ್ಟಿನ ಮುಂದಿನ ಚಹಾ ಅಂಗಡಿಯಲ್ಲಿ ಕೇಳಿದ ಮಾತನ್ನೇ ನಂಬುತ್ತಾರೆ. ಇ-ಕೋರ್ಟ್ಸ್ ಆ್ಯಪ್ ಪುಕ್ಕಟೆ. ಕೇಸ್ ನಂಬರು ಒತ್ತಿದರೆ ಮುಂದಿನ ತಾರೀಖು, ಅಪ್‌ಲೋಡ್ ಆದ ಆದೇಶ ಫೋನಿನಲ್ಲೇ ಸಿಗುತ್ತವೆ. ನೋಡುವವರು ಯಾರು? ಸ್ಟೇ ಅರ್ಜಿ ಹಾಕಿಸಿದಿರಾ ಎಂದು ಕೇಳಿದರೆ, "ಅಪೀಲಲ್ಲೇ ಅದೂ ಸೇರಿರತ್ತಲ್ವಾ ಸಾರ್?" ಎಂದು ನನ್ನನ್ನೇ ಕೇಳುತ್ತಾರೆ.